ಒಣ ಹಾಸಿಗೆ

ಹೂವಿನಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಮಲ್ಲಿಗೆ ತೋಟಗಳೂ ಮುಗಿದ ಮೇಲೆ, ಹಂಚು ಹೊದಿಸಿದ ಉದ್ದನೆಯ ಕಟ್ಟಡವೊಂದು ಕಾಣುತ್ತಿತ್ತು. ಬಾಗಿಲ ಮೇಲಿನ ಫಲಕದಲ್ಲಿ ‘ವೃದ್ಧರ ಶುಶ್ರೂಷಾಲಯ’ ಎಂದು ಬರೆಸಿದ್ದರು. ಊರವರು ಮಾತ್ರ ಅದನ್ನು ಮುದುಕರ ದವಾಖಾನಿ ಎನ್ನುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ಎಣ್ಣೆಯ ಗಿರಣಿ ಇಟ್ಟಿದ್ದ ಶಿವಯೋಗಪ್ಪ ತನ್ನ ತಾಯಿಯ ನೆನಪಿಗೆಂದು ಕಟ್ಟಿಸಿದ್ದು. ಎದ್ದು ಓಡಾಡಲಾರದ, ನೋಡುವವರಿಲ್ಲದ ಮುದುಕ ಮುದುಕಿಯರು ಅಲ್ಲಿ ಕಬ್ಬಿಣದ ಮಂಚಗಳ ಮೇಲೆ ಮಲಗಿರುತ್ತಿದ್ದರು. ಇರುವುದು ಒಂದೇ ಹಜಾರ. ನಡುವೆ ಒಂದು ಬಟ್ಟೆಯ ಪರದೆ. ಈಚೆ ಹೆಂಗಸರು, ಆಚೆ ಗಂಡಸರು.

ನಾಗಲಿಂಗಮ್ಮ ಅಲ್ಲಿಗೆ ಮೇಟ್ರನ್ ಆಗಿ ಬಂದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಕೂಡ್ಲಿಗಿಗೆ ಮದುವೆಯಾಗಿ ಹೋದವಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹಾಸಿಗೆ ಹಿಡಿದ ಅತ್ತೆಯನ್ನು ಸಾಯುವ ತನಕ ನೋಡಿಕೊಂಡಿದ್ದಳು. ಅತ್ತೆ ಸತ್ತ ಮೇಲೆ ಮೈದುನರು ಮನೆಯಿಂದ ಹೊರಗೆ ಹಾಕಿದರು. ಹರಪನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇದ್ದ ಅಣ್ಣ ಹಾಲೇಶಪ್ಪ, ಹೆಂಡತಿಯ ಮುಖ ನೋಡಿ, ಹಬ್ಬಕ್ಕೆ ಬಂದು ಹೋಗು ಎಂದಷ್ಟೇ ಹೇಳಿದ. ಆ ಹೊತ್ತಿಗೆ ಶಿವಯೋಗಪ್ಪನಿಗೆ ಯಾರೋ ಇವಳ ವಿಷಯ ಹೇಳಿದರು. ಅಷ್ಟು ವರ್ಷ ಮಲಗಿದ್ದ ಮುದುಕಿಯ ಬೆನ್ನಿಗೆ ಒಂದು ಹುಣ್ಣು ಆಗಗೊಡಲಿಲ್ಲವಂತೆ ಎಂದು. ಅವನು ಕರೆಸಿ, ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಕೆಲವು ವಾರ ಕಲಿಸಿ, ಬಿಳಿ ಸೀರೆ ಉಡಿಸಿ, ಬೀಗದ ಕೈ ಕೊಟ್ಟ. ಕಟ್ಟಡದ ಹಿಂದೆ ಅವಳಿಗೆ ಇರಲು ಒಂದು ಖೋಲಿ.

ಮೊದಲ ವರ್ಷ ಅವಳು ನಿಜವಾಗಿಯೂ ಚೆನ್ನಾಗಿ ನೋಡಿಕೊಂಡಳು. ಗುಡೇಕೋಟೆ ಕಡೆಯಿಂದ ಬಂದಿದ್ದ ದುರುಗಪ್ಪನೆಂಬ ಕುರಿ ಕಾಯುವ ಮುದುಕನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅವನ ಹಾಸಿಗೆಯನ್ನು ಹಗಲೆಲ್ಲ ಬದಲಿಸಬೇಕು. ಸುಂಕಮ್ಮನಿಗೆ ಬಾಯಿ ಆರುವ ರೋಗ. ಗಳಿಗೆಗೊಮ್ಮೆ ‘ನೀರು, ನೀರು’ ಎನ್ನುವಳು. ಕರೆದಾಗಲೆಲ್ಲ ನಾಗಲಿಂಗಮ್ಮ ಓಡುವಳು. ಅವಳ ಕೈಕೆಳಗೆ ಇದ್ದ ಆಯಾ ಹುಲುಗಮ್ಮ ಒಬ್ಬಳೇ. ಇಬ್ಬರೂ ಸೇರಿ ಎಷ್ಟು ಒಗೆದರೂ ಬಟ್ಟೆಯ ರಾಶಿ ಕರಗುತ್ತಿರಲಿಲ್ಲ. ಹಜಾರದಲ್ಲಿ ಮೂತ್ರದ ವಾಸನೆ ಇರುತ್ತಿತ್ತು, ಅದರ ಜೊತೆಗೆ ಮಾತೂ ಇರುತ್ತಿತ್ತು. ಮುದುಕರು ಜಗಳಾಡುವರು, ಹಾಡುವರು, ದುರುಗಪ್ಪ ಕುರಿ ಕೂಗಿದ ಹಾಗೆ ಕೂಗಿ ಹೆಂಗಸರನ್ನು ನಗಿಸುವನು.

ವರ್ಷಕ್ಕೊಮ್ಮೆ ಬಳ್ಳಾರಿಯಿಂದ ಸಾಹೇಬರು ತಪಾಸಣೆಗೆ ಬರುವ ಕ್ರಮವಿತ್ತು. ಆರೈಕೆ ಸರಿಯಾಗಿದೆ ಎಂದು ಅವರು ಒಪ್ಪಿದರೆ ಸರ್ಕಾರದ ಅನುದಾನ. ಆ ವರ್ಷ ಜೀಪಿನಿಂದ ಇಳಿದ ಸಾಹೇಬರು ಹೊಸಬರು. ಹಜಾರದೊಳಗೆ ಕಾಲಿಟ್ಟವರೇ ಕರವಸ್ತ್ರ ಮೂಗಿಗೆ ಹಿಡಿದರು. ದುರುಗಪ್ಪನ ಮಂಚದ ಹತ್ತಿರ ನಿಂತು, ಹಾಸಿಗೆಯ ಮೇಲೆ ಎರಡು ಬೆರಳು ಒತ್ತಿ, ಬೆರಳು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

“ಇದೇನು ದನದ ಕೊಟ್ಟಿಗೆಯೇನಮ್ಮ?”

“ಈಗರ ಬದಲಿ ಮಾಡಿದ್ದೆರಿ ಸಾಹೇಬ್ರ. ನೀರು ಕುಡದಿದ್ದ...”

“ಕಾರಣ ಕೇಳಲಿಲ್ಲ ನಾನು.”

ಶಿವಯೋಗಪ್ಪ ಕೈಕಟ್ಟಿ ನಿಂತಿದ್ದ. ಅಷ್ಟು ಜನರೆದುರು ಅವನು ತಲೆ ತಗ್ಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಜೀಪು ಹೋದ ಮೇಲೆ ಅವನು ನಾಗಲಿಂಗಮ್ಮನನ್ನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇಷ್ಟೇ ಹೇಳಿದ: “ನಿನ್ನ ಕೈಲಿ ಆಗಂಗಿಲ್ಲ ಅಂದ್ರ ಈಗ ಹೇಳಿಬಿಡವ್ವ. ಬ್ಯಾರೆ ಯಾರನ್ನರ ನೋಡ್ತೀನಿ.”

ಅವಳಿಗೆ ಹೋಗಲು ಜಾಗವಿರಲಿಲ್ಲ. ಕೂಡ್ಲಿಗಿಯ ಬಾಗಿಲು ಮುಚ್ಚಿತ್ತು, ಹರಪನಹಳ್ಳಿಯದು ಹಬ್ಬಕ್ಕೆ ಮಾತ್ರ ತೆರೆಯುತ್ತಿತ್ತು. ಅಂದಿನಿಂದ ಅವಳು ಹಾಸಿಗೆಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿದಳು. ಮುದುಕರ ಮುಖ ನೋಡುವುದಕ್ಕಿಂತ ಮೊದಲು ಅವಳ ಕೈ ಅವರ ಕೆಳಗೆ ಹೋಗುತ್ತಿತ್ತು.

ಉಪಾಯ ಅವಳಿಗೆ ತಾನಾಗಿ ಹೊಳೆದದ್ದಲ್ಲ. ಬೇಸಿಗೆಯಲ್ಲೊಮ್ಮೆ ಬಾವಿಯ ಪಂಪು ಕೆಟ್ಟಿತು. ರಿಪೇರಿಯವನು ಬರುವ ತನಕ ಕೊಡದಲ್ಲಿ ಹೊತ್ತು ತಂದ ನೀರನ್ನು ಎಲ್ಲರಿಗೂ ಅಳೆದು ಕೊಡಬೇಕಾಯಿತು. ಮರುದಿನ ಬೆಳಿಗ್ಗೆ ಅವಳು ಕೈ ಹಾಕಿ ನೋಡಿದರೆ ಒಂದೊಂದು ಹಾಸಿಗೆಯೂ ಒಣಗಿತ್ತು. ದುರುಗಪ್ಪನದು ಕೂಡ. ಅವಳು ಮತ್ತೊಮ್ಮೆ ಕೈ ಒತ್ತಿ ನೋಡಿದಳು.

ಮೊದಲು ಹಜಾರದಲ್ಲೇ ಇರುತ್ತಿದ್ದ ನೀರಿನ ದೊಡ್ಡ ಮಣ್ಣಿನ ಹರವಿ ಪಂಪು ಸರಿಯಾದ ಮೇಲೂ ಅಲ್ಲಿಗೆ ವಾಪಸು ಬರಲಿಲ್ಲ. ಅಡುಗೆಮನೆಯಲ್ಲಿಟ್ಟು ಬೀಗ ಹಾಕಿಸಿದಳು. ಬೆಳಿಗ್ಗೆ ಗಂಜಿಯ ಜೊತೆ ಒಂದು ಲೋಟ, ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ. ಆಮೇಲೆ ಇಲ್ಲ.

ಮೊದಲೆರಡು ದಿನ ಹಜಾರವೆಲ್ಲ ಕೂಗಾಡಿತು. “ಯವ್ವಾ, ಗಂಟಲ ಹತ್ತಿಕೊಂಡೈತೇ, ಒಂದ್ ಗುಟುಕು ಹಾಕೇ” ಎಂದು ಸುಂಕಮ್ಮ ಮಂಚದ ಸರಳು ಬಡಿದಳು. ನಾಗಲಿಂಗಮ್ಮ ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ಕೆಲವು ದಿನ ಕಳೆದ ಮೇಲೆ ಕೂಗು ನಿಂತಿತು. ಮುದುಕರು ಹಗಲೂ ಮಂಪರಿನಲ್ಲಿರತೊಡಗಿದರು. ತುಟಿ ಒಡೆದವು, ನಾಲಿಗೆ ದಪ್ಪವಾಗಿ ಮಾತು ತೊದಲಿತು. ದುರುಗಪ್ಪ ಕುರಿ ಕೂಗುವುದನ್ನು ಬಿಟ್ಟ. ಒಗೆಯುವ ಬಟ್ಟೆ ಕಡಿಮೆಯಾಯಿತು. ವಾಸನೆ ಹೋಯಿತು.

ಮುಂದಿನ ತಪಾಸಣೆಗೆ ಬಂದ ಸಾಹೇಬರು ಅದೇ ಎರಡು ಬೆರಳುಗಳನ್ನು ಹಾಸಿಗೆಗಳ ಮೇಲೆ ಒತ್ತುತ್ತಾ ಹೋದರು. ಕರವಸ್ತ್ರ ಜೇಬಿನಲ್ಲೇ ಉಳಿಯಿತು. ಹಜಾರದ ತುದಿಯಲ್ಲಿ ನಿಂತು, ಮಲಗಿದ್ದ ಮುಖಗಳನ್ನೆಲ್ಲ ನೋಡಿ, “ಎಷ್ಟು ಶಾಂತವಾಗಿದೆ ಇಲ್ಲಿ! ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ” ಎಂದರು. ಶಿವಯೋಗಪ್ಪ ಅವಳಿಗೆ ಎಲ್ಲರ ಮುಂದೆ ಶಾಲು ಹೊದಿಸಿದ. ಕೂಡ್ಲಿಗಿಯ ಮೈದುನರ ಕಿವಿಗೂ ಈ ಸುದ್ದಿ ಬಿದ್ದಿರುತ್ತದೆ ಎಂದುಕೊಂಡು ಅವಳು ಆ ದಿನವಿಡೀ ಉಬ್ಬಿಹೋಗಿದ್ದಳು.

ಹುಲುಗಮ್ಮನಿಗೆ ಮಾತ್ರ ಇದು ಸೇರಲಿಲ್ಲ. ಅವಳು ಸೆರಗಿನ ಚುಂಗನ್ನು ಬಚ್ಚಲಲ್ಲಿ ಅದ್ದಿಕೊಂಡು ಬಂದು, ಹೊದಿಕೆ ಸರಿಮಾಡುವವಳ ಹಾಗೆ ಬಗ್ಗಿ, ಮುದುಕರ ತುಟಿಗೆ ಹಿಂಡುತ್ತಿದ್ದಳು. ನಾಗಲಿಂಗಮ್ಮ ಒಂದು ಮಧ್ಯಾಹ್ನ ಅದನ್ನು ಕಂಡಳು.

“ಏನ್ ಮಾಡಾಕ ಹತ್ತೀದಿ?”

“ಬಾಯಿ ಆರೈತ್ರಿ ಅಮ್ಮಾರ. ನೋಡಾಕ ಆಗವಲ್ದು.”

“ಹಾಸಿಗಿ ತೋಯ್ದ್ರ ನೀ ಒಗೀತೀಯೇನು? ಸಾಹೇಬ್ರ ಕಡಿಂದ ನೀ ಬೈಸಿಕೊಂತೀಯೇನು?”

“ಒಗೀತೀನ್ರಿ. ದಿನಾ ಒಗೀತಿದ್ದೆ, ಈಗ್ಯಾಕ ಒಗ್ಯಂಗಿಲ್ಲ? ಮನಿ ಮುಂದಿನ ನಾಯಿಗಾದ್ರೂ ಒಂದು ಕುಡಿಕ್ಯಾಗ ನೀರು ಇಡ್ತೀವ್ರಿ ನಾವು.”

ಆ ಮಾತಿಗೆ ನಾಗಲಿಂಗಮ್ಮ ಅವಳ ಕೆನ್ನೆಗೆ ಹೊಡೆದಳು. ಸಂಜೆಯೊಳಗೆ ಕೆಲಸದಿಂದ ಬಿಡಿಸಿದಳು. ಆಯಾ ಅಡುಗೆಮನೆಯ ಬೇಳೆ ಕದಿಯುತ್ತಾಳೆಂದು ಶಿವಯೋಗಪ್ಪನಿಗೆ ಹೇಳಿದಳು. ಅವನು ಮರುಮಾತಿಲ್ಲದೆ ನಂಬಿದ. ಹುಲುಗಮ್ಮನ ಹೆಸರು ಹಡಗಲಿಯಲ್ಲಿ ಕೆಟ್ಟಿತು. ಆಮೇಲೆ ಯಾರ ಮನೆಯವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಹುಲುಗಮ್ಮ ಹೋದ ಕೆಲವೇ ದಿನಗಳಲ್ಲಿ ಸುಂಕಮ್ಮ ಮಂಚದಿಂದ ತೆವಳಿ ಇಳಿದು, ತಾಟು ತೊಳೆದ ನೀರಿನ ಬಕೆಟ್ಟಿಗೆ ಬಾಯಿ ಹಾಕಿದಳು. ನಾಗಲಿಂಗಮ್ಮ ಅವಳ ಕೂದಲು ಹಿಡಿದು ಎತ್ತಿದಳು. ಇಂಥ ಹೊಲಸು ಕುಡಿಯುವವಳಿಗೆ ಹಾಸಿಗೆ ಯಾಕೆ ಎಂದು ಬರಿಯ ನೆಲದ ಮೇಲೆ ಮಲಗಿಸಿದಳು. ಸುಂಕಮ್ಮ ನೆಲದ ಮೇಲೇ ಸತ್ತಳು. ಊರಿನ ಡಾಕ್ಟರು ಬಂದು ನಾಡಿ ನೋಡಿ, ವಯಸ್ಸಾಗಿತ್ತು ಎಂದು ಹೋದರು. ಅವಳ ಮಂಚಕ್ಕೆ ಆ ವಾರವೇ ಬೇರೊಬ್ಬಳು ಬಂದಳು.

ಬಂದವಳು ನಾಗಲಿಂಗಮ್ಮನ ತಾಯಿ ಕಲ್ಯಾಣಮ್ಮ.

ಹರಪನಹಳ್ಳಿಯ ಮಗನ ಮನೆಯಲ್ಲಿ ಜಾರಿ ಬಿದ್ದು ಅವಳ ಸೊಂಟ ಮುರಿದಿತ್ತು. ಹಾಲೇಶಪ್ಪ ಬಾಡಿಗೆ ಟೆಂಪೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಬಂದು, “ನಿನ್ನಷ್ಟು ಚಲೋ ನೋಡೋರು ಯಾರು ಅದಾರವ್ವ? ಸಾಹೇಬ್ರ ಹೇಳ್ಯಾರಂತ” ಎಂದು ಇಳಿಸಿಹೋದ. ತಾಯಿಗೆ ಮಾತ್ರ ಹಿಗ್ಗು. ಬಿಳಿ ಸೀರೆ ಉಟ್ಟ ಮಗಳನ್ನು ಮೇಲಿಂದ ಕೆಳಗೆ ನೋಡಿ, “ನಮ್ಮ ನಾಗಿ ಎಷ್ಟು ದೊಡ್ಡಾಕಿ ಆಗ್ಯಾಳ!” ಎಂದು ಪಕ್ಕದ ಮಂಚದವಳಿಗೆ ಹೇಳಿದಳು. ಪಕ್ಕದವಳು ಆಚೆ ಹೊರಳಿದಳು.

ತಾಯಿಗೆ ನಾಗಲಿಂಗಮ್ಮ ಮೊದಲು ನೀರು ಕೊಟ್ಟಳು. ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುವಳು. ಆದರೆ ಅಷ್ಟು ಒಣಗಿದ ಹಜಾರದಲ್ಲಿ ನೀರು ಗಂಟಲಿಗಿಳಿಯುವ ಸದ್ದು ಮುಚ್ಚಿಡುವುದಾಗಲಿಲ್ಲ. ಪರದೆಯಾಚೆಯಿಂದ ದುರುಗಪ್ಪ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟ: “ನಿಮ್ಮವ್ವಗ ಐತಿ, ನಮಗಿಲ್ಲೇನವ್ವಾ?”

ಉಳಿದವರೂ ಗೊಣಗತೊಡಗಿದರು. ಒಬ್ಬಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು, ಎಲ್ಲರಿಗೂ ಕೊಟ್ಟರೆ ಮೊದಲಿನ ಹಾಗೆಯೇ ಆಗುತ್ತದೆ. ನಾಗಲಿಂಗಮ್ಮ ಬಹಳ ಯೋಚಿಸಿ, ತಾಯಿಯದನ್ನೂ ನಿಲ್ಲಿಸಿದಳು. ಹೀಗೆ ಮಾಡಿದ್ದೇ ನ್ಯಾಯ ಎಂದು ಅವಳಿಗೆ ಆಗ ಅನ್ನಿಸಿತು.

ತಾಯಿಯ ಮಂಚದ ಮೇಲೆ ಕೂತು, ಕೈ ಹಿಡಿದುಕೊಂಡು ತಿಳಿಸಿ ಹೇಳಿದಳು. “ಯವ್ವಾ, ಹಾಸಿಗಿ ತೋಯ್ದ್ರ ನನ್ನ ನೌಕ್ರಿ ಹೋಕ್ಕತಿ. ನೌಕ್ರಿ ಹೋದ್ರ ಈ ಖೋಲಿನೂ ಇಲ್ಲ, ಈ ಮಂಚನೂ ಇಲ್ಲ. ಅಣ್ಣ ಒಳಗ ಬಿಡಂಗಿಲ್ಲ. ಇಬ್ರೂ ಎಲ್ಲಿಗೆ ಹೋಗಾದು ಹೇಳು?”

ಕಲ್ಯಾಣಮ್ಮ ಮಗಳ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು. “ಅಷ್ಟ ಹೌದಿಲ್ಲೋ? ನನ್ನಿಂದ ನಿನ್ನ ಅನ್ನಕ್ಕ ಕಲ್ಲು ಬೀಳಬಾರದು ತಾಯಿ. ನಾ ಕೇಳಂಗಿಲ್ಲ, ತಗಾ.”

ಹೇಳಿದಂತೆ ಅವಳು ಕೇಳಲಿಲ್ಲ. ಉಪವಾಸ ಹಿಡಿದವಳ ಹಾಗೆ ಅದನ್ನು ಪಾಲಿಸಿದಳು. ಬೆಳಗಿನ ಲೋಟದಲ್ಲೂ ಅರ್ಧ ಉಳಿಸಿ, ಸಾಕು ಎನ್ನುತ್ತಿದ್ದಳು. ಯಾರಾದರೂ ನೀರಿಗೆ ನರಳಿದರೆ ಗದರುತ್ತಿದ್ದಳು: “ಸುಮ್ಕಿರ್ರಿ, ನನ್ ಮಗಳಿಗೆ ತ್ರಾಸ ಕೊಡಬ್ಯಾಡ್ರಿ.” ನಾಗಲಿಂಗಮ್ಮ ದಿನಾ ಬೆಳಿಗ್ಗೆ ತಾಯಿಯ ಕೆಳಗೂ ಕೈ ಹಾಕಿ ನೋಡುತ್ತಿದ್ದಳು. ಯಾವತ್ತೂ ಒಣಗಿರುತ್ತಿತ್ತು.

ಆ ವರ್ಷ ಸಾಹೇಬರು ಏಪ್ರಿಲಿನಲ್ಲಿ ಬಂದರು. ಹಂಚು ಕಾದು ಹಜಾರ ಒಲೆಯಂತಿತ್ತು. ತಪಾಸಣೆಯ ಹಿಂದಿನ ದಿನ ಮತ್ತು ಅಂದು ಬೆಳಿಗ್ಗೆ ಗಂಜಿಯ ಜೊತೆಗಿನ ಲೋಟವನ್ನೂ ನಿಲ್ಲಿಸಲಾಗಿತ್ತು. ಶಿವಯೋಗಪ್ಪ ತೋಟದಿಂದ ಮಲ್ಲಿಗೆ ತರಿಸಿದ್ದ. ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ. ಹೂವು ಬಾಡದಿರಲೆಂದು ನೀರು ಚಿಮುಕಿಸಿ ಬಾಳೆ ಎಲೆಯಲ್ಲಿ ಸುತ್ತಿ ಕಟ್ಟಿದ್ದರು. ಅಲ್ಲಿದ್ದ ಹೆಂಗಸರೆಲ್ಲ ಮುತ್ತೈದೆತನ ಕಳೆದುಕೊಂಡವರೇ, ಮುಡಿಯುವಂತಿಲ್ಲ; ದೇವರಿಗೆ ಏರಿಸಿಕೊಳ್ಳಲಿ ಎಂದು ಸಾಹೇಬರ ಕೈಯಿಂದಲೇ ಕೊಡಿಸುವುದೆಂದಾಗಿತ್ತು.

ಸಾಹೇಬರು ಕಲ್ಯಾಣಮ್ಮನ ಮಂಚದ ಹತ್ತಿರ ನಿಂತರು. ಮೇಟ್ರನ್ ಅವರ ತಾಯಿ ಎಂದು ಶಿವಯೋಗಪ್ಪ ಹೇಳಿದ್ದ.

“ಏನಜ್ಜಿ, ಎಲ್ಲ ಅನುಕೂಲ ಇದೆಯಾ? ಏನಾದರೂ ಕೊರತೆ ಇದೆಯಾ?”

ಕಲ್ಯಾಣಮ್ಮ ಅಂಟಿಕೊಂಡಿದ್ದ ತುಟಿ ಬಿಡಿಸಿಕೊಂಡು, ನಿಧಾನವಾಗಿ, “ಏನ್ ಕಡಿಮಿ ಇಲ್ರಿ ಯಪ್ಪಾ. ನನ್ ಮಗಳು ಭಾಳ ಚಲೋ ನೋಡ್ಕಂತಾಳ್ರಿ” ಎಂದಳು.

“ಮಗಳು ಅಂದರೆ ಹೀಗಿರಬೇಕು” ಎಂದು ಸಾಹೇಬರು ಪೊಟ್ಟಣವನ್ನು ಅವಳ ಕೈಗಿಟ್ಟರು.

ಎಲೆ ತಣ್ಣಗಿತ್ತು. ಕಲ್ಯಾಣಮ್ಮನ ಬೆರಳುಗಳಿಗೆ ತೇವ ತಾಗಿತು. ಅವಳು ಕಟ್ಟು ಬಿಚ್ಚಲಿಲ್ಲ. ಪೊಟ್ಟಣವನ್ನು ಹಾಗೇ ಬಾಯಿಗೆ ಒತ್ತಿಕೊಂಡು ಹೀರತೊಡಗಿದಳು. ಎಲೆ ಹರಿಯಿತು, ಮಲ್ಲಿಗೆ ಮೊಗ್ಗುಗಳು ಬಾಯೊಳಗೆ ಹೋದವು, ಅವನ್ನೂ ಅಗಿದು ಹೀರಿದಳು. ಆಗಲೇ ಪೊಟ್ಟಣ ಪಡೆದಿದ್ದ ಪಕ್ಕದ ಮಂಚದವಳೂ ಹಾಗೆಯೇ ಮಾಡಿದಳು. ಅದರಾಚೆಯವಳೂ. ಮೊದಲೇ ಹಂಚಿ ಮುಗಿದಿದ್ದ ಪರದೆಯಾಚೆಯಿಂದಲೂ ಎಲೆ ಹರಿಯುವ ಸದ್ದು ಬರತೊಡಗಿತು.

ಸಾಹೇಬರು ಒಂದು ಕ್ಷಣ ತಡೆದು ನಿಂತರು. ಹಿಂದೆಯೇ ನಕ್ಕರು. “ನೋಡಿ, ಮುಪ್ಪಿನಲ್ಲಿ ಮಕ್ಕಳ ಹಾಗೇ ಆಗಿಬಿಡುತ್ತಾರೆ. ಏನು ಕೊಟ್ಟರೂ ಬಾಯಿಗೇ!”

ಶಿವಯೋಗಪ್ಪನೂ ನಕ್ಕ. ನಾಗಲಿಂಗಮ್ಮ ಮುಂದೆ ಬಂದು, ತಾಯಿಯ ಬಾಯಿಂದ ಎಲೆಯನ್ನು ಬಿಡಿಸಿ ತೆಗೆದಳು. ಮುದುಕಿಯ ಒಸಡು ಅದನ್ನು ಬಿಗಿಹಿಡಿದಿತ್ತು; ಎಳೆಯಬೇಕಾಯಿತು. “ನಮ್ಮವ್ವಗ ಹೂವು ಅಂದ್ರ ಭಾಳ ಪ್ರೀತಿರಿ” ಎಂದಳು. ಸಾಹೇಬರು ಒಣ ಹಾಸಿಗೆಯ ಮೇಲೆ ಎರಡು ಬೆರಳು ಒತ್ತಿ, ತೃಪ್ತಿಯಿಂದ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಕಲ್ಯಾಣಮ್ಮನಿಗೆ ಮೂತ್ರವೇ ಬರಲಿಲ್ಲ. ಮೈ ಕಾದಿತು, ಕಣ್ಣು ಒಳಗೆ ಹೋದವು, ಚರ್ಮ ಹಿಡಿದೆತ್ತಿದರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಬಳ್ಳಾರಿಯಲ್ಲಿ ಕಲಿತ ನಾಗಲಿಂಗಮ್ಮನಿಗೆ ಅದರ ಅರ್ಥ ಗೊತ್ತಿತ್ತು. ಅಡುಗೆಮನೆಯ ಬೀಗ ತೆಗೆದು ಚೊಂಬು ತುಂಬಿಕೊಂಡು, ಎಲ್ಲರೆದುರೇ ಹಜಾರದೊಳಗೆ ಓಡಿ ಬಂದಳು.

“ಯವ್ವಾ, ನೀರು ತಂದೀನಿ. ಕುಡಿ.”

ಕಲ್ಯಾಣಮ್ಮ ಕಣ್ಣು ತೆರೆದಳು. “ಸಾಹೇಬ್ರು ಹೋದ್ರಾ?”

“ಹೋದ್ರು ಬೇ. ನಿನ್ನೇನ ಹೋದ್ರು. ಕುಡಿ.”

“ಬ್ಯಾಡ ತಾಯಿ. ಹಾಸಿಗಿ ತೋಯ್ತೈತಿ.”

“ತೋಯ್ಲಿ ಬೇ! ನಾ ಒಗೀತೀನಿ. ಬಾಯಿ ತೆಗಿ.”

“ನಿನ್ ನೌಕ್ರಿ ಹೋಕ್ಕತಿ.” ಅವಳು ಹಲ್ಲಿಲ್ಲದ ಬಾಯನ್ನು ಬಿಗಿಯಾಗಿ ಮುಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ನಾಗಲಿಂಗಮ್ಮ ತಾಯಿಯ ಗದ್ದ ಹಿಡಿದಳು, ಬೇಡಿಕೊಂಡಳು, ಬೈದಳು, ಕಾಲು ಮುಟ್ಟಿದಳು. ಬೆರಳಿನಿಂದ ತುಟಿ ಬಿಡಿಸಿ ನೀರು ಹಾಕಿದಳು. ಅದು ಬಾಯಿಯ ಓರೆಯಿಂದ ಇಳಿದು ಕುತ್ತಿಗೆಯ ಮೇಲೆ ಹರಿದು ದಿಂಬಿಗೆ ಹೋಯಿತು. ದಿಂಬು ಒದ್ದೆಯಾದದ್ದು ತಿಳಿದು ಮುದುಕಿ ಗಾಬರಿಯಾದಳು. ಅಯ್ಯೋ ಅಯ್ಯೋ ಎಂದು ಒಣಗಿದ ಕೈಯಿಂದ ದಿಂಬನ್ನು ಒರೆಸತೊಡಗಿದಳು.

ಅಷ್ಟರಲ್ಲಿ ಪರದೆಯಾಚೆಯಿಂದ ದುರುಗಪ್ಪನ ದನಿ ಬಂತು.

“ಆಕಿ ಒಲ್ಲೆ ಅಂದ್ರ ಆ ನೀರು ನನಗ ಕೊಡವ್ವಾ.”

ನಾಗಲಿಂಗಮ್ಮ ಮತ್ತೊಮ್ಮೆ ತಾಯಿಯ ತುಟಿಗೆ ಚೊಂಬು ಹಿಡಿದಳು. ದುರುಗಪ್ಪ ಮತ್ತೆ ಕೇಳಿದ. ಅವಳು ಎದ್ದು ಪರದೆ ಸರಿಸಿ, ಅವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಕುಡಿಸಿದಳು. ಅವನು ಗಟಗಟ ಕುಡಿಯುವ ಸದ್ದನ್ನು ಈಚೆ ಮಲಗಿದ್ದ ಅವಳ ತಾಯಿಯೂ ಕೇಳಿಸಿಕೊಂಡಿರಬೇಕು. ಊರಿನ ಡಾಕ್ಟರು ಬಂದು ಸಲೈನ್ ಹಚ್ಚಲು ನರ ಹುಡುಕಿದರು, ಸಿಗಲಿಲ್ಲ. ಮಧ್ಯಾಹ್ನ ಇಳಿಯುವುದರೊಳಗೆ ಕಲ್ಯಾಣಮ್ಮ ಹೋದಳು. ಮಣ್ಣಿಗೆ ಬಂದ ಹಾಲೇಶಪ್ಪ ಎಲ್ಲರೆದುರು ತಂಗಿಗೆ ಕೈಮುಗಿದು, “ಅವ್ವನ್ನ ಚಲೋ ನೋಡ್ಕಂಡೆವ್ವ, ನಿನ್ ಋಣ ತೀರಂಗಿಲ್ಲ” ಎಂದ.

ಅಂದಿನಿಂದ ನೀರಿನ ಹರವಿ ಹಜಾರಕ್ಕೆ ವಾಪಸು ಬಂತು. ಒಂದೊಂದು ಮಂಚದ ಬಳಿ ಒಂದೊಂದು ಚೊಂಬು. ಮೊದಮೊದಲು ಮುದುಕರು ಹೆದರಿದರು. ಇದರಲ್ಲೇನೋ ಮೋಸವಿದೆ ಎಂದುಕೊಂಡು ಕೈ ಚಾಚಲಿಲ್ಲ. ಆಮೇಲೆ ಕುಡಿದರು. ಹಾಸಿಗೆಗಳು ಒದ್ದೆಯಾದವು. ಹುಲುಗಮ್ಮನ ಜಾಗಕ್ಕೆ ಯಾರನ್ನೂ ತಂದಿರಲಿಲ್ಲ. ಖರ್ಚು ಉಳಿಯುತ್ತದೆಂದು ಶಿವಯೋಗಪ್ಪ ಹಾಗೇ ಬಿಟ್ಟಿದ್ದ. ನಾಗಲಿಂಗಮ್ಮ ಒಬ್ಬಳೇ ಒಗೆದಳು, ಅಂಗೈ ಸುಲಿಯಿತು, ವಾಸನೆ ಮತ್ತೆ ಹಜಾರ ತುಂಬಿತು.

ಮುಂದಿನ ವರ್ಷ ಸಾಹೇಬರು ಬಾಗಿಲಲ್ಲೇ ನಿಂತರು. “ಏನಾಗಿದೆ ಇದು? ಹೋದ ವರ್ಷ ಹೇಗಿತ್ತು!”

ಆಗ ನಾಗಲಿಂಗಮ್ಮ ಹೇಳಿದಳು. “ಹೋದ ವರ್ಷ ನೀರು ಕೊಟ್ಟಿದ್ದಿಲ್ರಿ ಸಾಹೇಬ್ರ. ಕುಡ್ಯಾಕ ಕೊಡದ ಮಲಗಿಸಿದ್ದೆ. ಅದಕ್ಕ ಹಾಸಿಗಿ ಒಣಗಿತ್ತು. ನನ್ ಕೈಯಾಗ ಸುಂಕಮ್ಮ ಸತ್ಲು, ನಮ್ಮವ್ವನೂ ಸತ್ಲು.”

ಸಾಹೇಬರು ಶಿವಯೋಗಪ್ಪನ ಕಡೆ ತಿರುಗಿದರು. “ತಾಯಿ ಸತ್ತ ಮೇಲೆ ಇವರಿಗೆ ತಲೆ ಸರಿಯಿಲ್ಲ ಅಂತ ಕಾಣುತ್ತದೆ. ಇಂಥವರ ಕೈಗೆ ರೋಗಿಗಳನ್ನು ಬಿಡಬಾರದು.”

ಜೀಪು ಹೋದ ಮೇಲೆ ಶಿವಯೋಗಪ್ಪ ಅವಳನ್ನು ಪಕ್ಕಕ್ಕೆ ಕರೆದ. ಅವಳು ಹೇಳಿದ್ದನ್ನು ಅವನು ನಂಬಿದ್ದ ಎಂಬುದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. “ಈ ಮಾತು ಇನ್ನೊಮ್ಮೆ ಎಲ್ಲೂ ಆಡಬ್ಯಾಡ. ಜೈಲಿಗೆ ಹೋಗಾಕಿ ನೀನ. ಬೀಗದ ಕೈ ಇಡು, ನಡಿ.”

ಹೋಗುವ ಮೊದಲು ಅವಳು ಹುಲುಗಮ್ಮನ ಗುಡಿಸಲ ಮುಂದೆ ನಿಂತು ಕರೆದಳು. ಹುಲುಗಮ್ಮ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು.

“ತಪ್ಪಾತು ಹುಲುಗಮ್ಮ. ನೀ ಬೇಳೆ ಕದ್ದಿಲ್ಲ ಅಂತ ಧಣಿಗೆ ಹೇಳೀನಿ. ನೀನರ ಹೋಗಿ ಆ ಮುದುಕ್ರನ್ನ ನೋಡು.”

“ಈಗ ಹೇಳಿದ್ರೇನಾತ್ರಿ? ನನ್ ಮಗಳಿಗೆ ಬಂದ ಗಂಡು ಕಳ್ಳಿ ಮಗಳು ಅಂತ ವಾಪಸ್ ಹೋಗಿ ವರ್ಷಾತು.” ಹುಲುಗಮ್ಮ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.

ನಾಗಲಿಂಗಮ್ಮ ಕೊಟ್ಟೂರಿಗೆ ಹೋಗಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳ ಹಿಂದಿನ ಬದುಕು ಯಾರಿಗೂ ಗೊತ್ತಿರಲಿಲ್ಲ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಒಮ್ಮೆ ರಜೆ ಕೇಳಿ ಹಡಗಲಿಗೆ ಬಸ್ಸು ಹತ್ತಿದಳು. ದುರುಗಪ್ಪನನ್ನು ನೋಡಿ ಬರಬೇಕೆನ್ನಿಸಿತ್ತು. ಶುಶ್ರೂಷಾಲಯದ ಗೇಟಿಗೆ ಹೊಸ ಬಣ್ಣ ಬಳಿದಿದ್ದರು. ವಾಸನೆ ಇರಲಿಲ್ಲ. ಹೊಸ ಮೇಟ್ರನ್ ವಯಸ್ಸಿನಲ್ಲಿ ಚಿಕ್ಕವಳು, ನೀಲಗುಂದದ ಕಡೆಯವಳು, ನಾಗಲಿಂಗಮ್ಮ ಹೆಸರು ಹೇಳಿದ ಕೂಡಲೇ ಮರ್ಯಾದೆಯಿಂದ ಎದ್ದು ಬಂದಳು. ದುರುಗಪ್ಪ ತೀರಿಕೊಂಡು ಎರಡು ತಿಂಗಳಾಯಿತೆಂದಳು. ಒಳಗಿಂದ ಯಾರೋ ಗಂಟಲು ಹರಿಯುವ ಹಾಗೆ ‘ನೀರು’ ಎಂದು ಕೂಗುತ್ತಿದ್ದರು.

“ನೀವು ಬಂದದ್ದು ಚಲೋ ಆತ್ರಿ ಅಕ್ಕಾರ,” ಎಂದು ಅವಳು ದನಿ ತಗ್ಗಿಸಿ ಕೇಳಿದಳು. “ನಿಮ್ಮ ಕಾಲದಾಗ ಇಲ್ಲಿ ಒಂದ್ ಸಪ್ಪಳ ಇರಲಿಲ್ಲಂತ. ಹಾಸಿಗಿ ಹೆಂಗೋ ಒಣಗಿಸೀನ್ರಿ, ಆದ್ರ ಈ ಕೂಗಾದು ನಿಲ್ಲವಲ್ದು. ಬರೋ ವಾರ ಸಾಹೇಬ್ರು ಬರ್ತಾರ. ಹೆಂಗ್ ಮಾಡ್ತಿದ್ರಿ?”

ನಾಗಲಿಂಗಮ್ಮ, ಗೊತ್ತಿದ್ದದ್ದನ್ನು ಯಾರೋ ಕೇಳಿದರೆ ಹೇಳುವಂತೆ, ಹೇಳಿಬಿಟ್ಟಳು.

“ಎರಡು ದಿನ ಕೂಗ್ತಾರವ್ವ. ಆಮ್ಯಾಲ ತಾವ ಸುಮ್ನಾಗ್ತಾರ.”

ಹುಡುಗಿ ಸಮಾಧಾನದಿಂದ ತಲೆಯಾಡಿಸಿ, ಚಹಾ ಕುಡಿದು ಹೋಗಿರಿ ಎಂದು ಒತ್ತಾಯ ಮಾಡಿದಳು. ನಾಗಲಿಂಗಮ್ಮ ಕುಡಿದು ಹೊರಟಳು. ತಾನು ಏನು ಹೇಳಿದೆನೆಂಬುದು ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅವಳಿಗೆ ಅರಿವಾಯಿತು. ಹಡಗಲಿಗೆ ವಾಪಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ಅವಳು ಅದರ ಬಾಗಿಲ ತನಕ ಹೋದಳು. ಜನ ಹಿಂದಿನಿಂದ ನೂಕಿದರು, ಹತ್ತುವುದಿದ್ದರೆ ಹತ್ತು ಎಂದು ಯಾರೋ ಬೈದರು. ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಬಸ್ಸು ಹೋಯಿತು. ಸಂಜೆಯ ಊಟದ ಗಿರಾಕಿಗಳು ಬರುವ ಹೊತ್ತಿಗೆ ಅವಳು ಕೊಟ್ಟೂರಿನಲ್ಲಿದ್ದಳು.